ಮೌನದ ಓಟ, ಮಾಳಪ್ಪನ ಜೋಳ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಸಾವಳಗಿ ರಸ್ತೆಯ ಆಚೆ, ಒಂದು ಜೋಳದ ಹೊಲ ಕಾಣೆಯಾಗಿತ್ತು.

ನಗಬೇಡಿ. ಕೊಡೆ ಕಳೆಯುತ್ತದೆ, ಚಪ್ಪಲಿ ಕಳೆಯುತ್ತವೆ, ನಮ್ಮ ಕೋರ್ಟಿನಲ್ಲಿ ಕಟಕಟೆ ಹತ್ತಬೇಕಾದ ಸಾಕ್ಷಿಗಳೂ ಕಳೆದುಹೋಗುತ್ತಾರೆ. ಆದರೆ ಆಳೆತ್ತರ ಬೆಳೆದು ನಿಂತ ಜೋಳ? ಹಿಂದಿನ ವಾರವಷ್ಟೇ ಅದರ ಬದುವಿನ ಗುಂಟ ಓಡಿದ್ದೆ. ಅಂಚಿನ ಕುಸುಬಿಯ ಮುಳ್ಳು ಪರಚಿದ ಗೀರು ಇನ್ನೂ ಮೊಣಕಾಲ ಮೇಲೆ ಇತ್ತು. ಹೊಲ ಮಾತ್ರ ಇರಲಿಲ್ಲ.

ಅದು ಯಾಕೆ ಹೋಯಿತು ಎಂಬುದನ್ನು ಹೇಳುತ್ತೇನೆ. ನಿಜಕ್ಕೂ ಹೇಳಲು ಮನಸ್ಸಿಲ್ಲ. (ಸಂಪಾದಕರೂ, "ಸಂಕ್ರಾಂತಿ ಬಂತಲ್ಲ, ಎಳ್ಳು-ಬೆಲ್ಲದ ಬಗ್ಗೆ ಬರೀರಿ" ಎಂದರು.) ಆದರೆ ವಾರ ವಾರವೂ ಮಂದಿಯ ತಪ್ಪುಗಳನ್ನು ಇಲ್ಲಿ ಎತ್ತಿ ಆಡುವವನು, ತನ್ನ ಪಾಳಿ ಬಂದಾಗ ಎಳ್ಳು-ಬೆಲ್ಲದ ಮರೆಗೆ ಹೋಗಿ ನಿಲ್ಲಬಹುದೆ?

ಇದಕ್ಕೆಲ್ಲ ಮೂಲ ನಮ್ಮ ಸುಭೇದಾರ ಜಾಧವರು. ಮುಧೋಳದವರು. ದಂಡಿನಲ್ಲಿ ಸಿಪಾಯಿಗಳಿಗೆ ನಕಾಶೆ ಓದುವುದನ್ನು ಕಲಿಸುತ್ತಿದ್ದರು. ರಿಟೈರ್ ಆದ ಮೇಲೆ ಜಮಖಂಡಿಯಲ್ಲಿ ಮಗಳ ಮನೆ ಸೇರಿದರು. ಸೊಂಟದಲ್ಲಿ ಬೆಲ್ಟು, ಕಿಸೆಯಲ್ಲಿ ಹಿತ್ತಾಳೆಯ ದಿಕ್ಸೂಚಿ. ಬಜಾರಿಗೆ ಬದನೆಕಾಯಿ ತರಲು ಹೊರಟರೂ ಒಮ್ಮೆ ಉತ್ತರ ಯಾವ ಕಡೆ ಇದೆ ಎಂದು ನೋಡಿಕೊಂಡೇ ಹೋಗುತ್ತಾರೆ.

ಲಡಾಯಿಯ ಕಾಲದಲ್ಲಿ ಅವರು ವಿಲಾಯತಿಯ ಕಡೆ ಹೋಗಿದ್ದಾಗ ಒಂದು ಆಟದ ಸುದ್ದಿ ಕೇಳಿದ್ದರಂತೆ. ಕೈಯಲ್ಲಿ ಒಂದು ನಕಾಶೆ, ಒಂದು ದಿಕ್ಸೂಚಿ ಕೊಡುತ್ತಾರೆ. ಕಾಡಿನೊಳಗೆ ಅಲ್ಲಲ್ಲಿ ಬಾವುಟ ಕಟ್ಟಿರುತ್ತಾರೆ. ಯಾರ ಸಹಾಯವೂ ಇಲ್ಲದೆ ಒಂದೊಂದನ್ನೇ ಹುಡುಕಿ ಓಡಬೇಕು. ಮೊದಲು ಮುಗಿಸಿದವನು ಗೆದ್ದ. ಇದಕ್ಕೆ ಅವರು ಓರಿಯೆಂಟೀರಿಂಗ್ ಎನ್ನುತ್ತಾರಂತೆ. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಹಾದಿ ಓಡಿರಬಹುದು.) ನಾವು 'ನಕಾಶೆ ಓಟ' ಎಂದು ಕರೆದೆವು.

"ಸುಭೇದಾರ್ರ, ನಮ್ಮಲ್ಲಿ ಕಾಡ ಎಲ್ಲಿ ಅದ?" ಎಂದು ಕೇಳಿದೆ.

"ಜೋಳ ಏನ್ ಕಡಿಮಿ ಕಾಡೇನ್ರಿ ವಕೀಲ್ರ? ಒಳಗ ಹೊಕ್ಕ್ರ ಆನಿ ಸುದ್ದಾ ಕಾಣೂದಿಲ್ಲ," ಎಂದರು.

ನಾನು ಒಪ್ಪಿಕೊಂಡದ್ದು ಆಟದ ಪ್ರೀತಿಯಿಂದಲ್ಲ. ಇತ್ತೀಚೆಗೆ ನನಗಿಂತ ನನ್ನ ಹೊಟ್ಟೆಯೇ ಮೊದಲು ಕೋರ್ಟಿಗೆ ಹಾಜರಾಗುತ್ತಿತ್ತು. ಡಾಕ್ಟರರು ಎಚ್ಚರಿಸಿದ್ದರು. ನನ್ನ ಜೊತೆ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾದ ಕುಲಕರ್ಣಿಯವರೂ ಸೇರಿದರು. ನಕಾಶೆ ಬರೆಯುವ ಕೆಲಸ ಅವರದು. ಮಸಿಯಲ್ಲಿ ಹಳ್ಳ, ಗಿಡ, ಬಾವಿ, ಬದು ಎಲ್ಲವನ್ನೂ ಚಂದವಾಗಿ ತಿದ್ದುತ್ತಿದ್ದರು. ಬಾವುಟಕ್ಕೆ ನನ್ನ ಹೆಂಡತಿಯ ಹಳೆಯ ಕೆಂಪು ಸೀರೆ ಬಂತು. ಬನಹಟ್ಟಿಯ ಮಗ್ಗದ್ದು. ನೂಲು ಹರಿದಿದ್ದರೂ ಬಣ್ಣ ಬಿಟ್ಟಿರಲಿಲ್ಲ.

"ಮಂದಿ ಹೊಲದಾಗ ಕೆಂಪು ಅರಿವಿ ಕಟ್ಟತೀರಿ, ಏನರೆ ತಿಳ್ಕೊಂಡಾರು," ಎಂದಳು ಅವಳು.

"ಏನ ತಿಳ್ಕೋತಾರ? ಗುಬ್ಬಿ ಓಡಸ್ಲಿಕ್ಕೆ ಕಟ್ಯಾರ ಅಂತಾರ," ಎಂದೆ ನಾನು.

ಬರೀ ಓಟವಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಆದರೆ ಸುಭೇದಾರರಿಗೆ ಒಂದೇ ನಮೂನೆಯ ಆಟ ಎರಡು ವಾರಕ್ಕೆ ಸಪ್ಪಗಾಗುತ್ತದೆ. ದಂಡಿನಲ್ಲಿ ಮಲಗಿದ್ದ ಅವರ ಬುದ್ಧಿಯೆಲ್ಲ ಜಮಖಂಡಿಯಲ್ಲಿ ಎದ್ದು ಕುಳಿತಿತ್ತು. ಒಮ್ಮೆ ನಕಾಶೆ ನನ್ನ ಕೈಗೆ, ದಿಕ್ಸೂಚಿ ಮಾಸ್ತರರ ಕೈಗೆ ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ, ಬರೇ ಬಾಯಿಮಾತಿನಲ್ಲಿ ಹಾದಿ ಹಿಡಿಯಬೇಕು ಎಂದರು. ಮುಧೋಳದ ಕಡೆ ಹೋಗಬೇಕಾದವರು ಬೀಳಗಿ ರಸ್ತೆಯಲ್ಲಿ ನಿಂತು ಒಬ್ಬರ ಮನೆತನವನ್ನು ಇನ್ನೊಬ್ಬರು ತೆಗೆದು ಬೈಯುತ್ತಿದ್ದೆವು. ಇನ್ನೊಮ್ಮೆ ನಕಾಶೆಯನ್ನು ತಲೆಕೆಳಗು ಹಿಡಿದು ಓಡಿರಿ ಎಂದರು. ಅವತ್ತು ನಾನು ಹೊರಟಲ್ಲಿಗೇ ಬಂದು ಮುಟ್ಟಿದೆ, ಅದೂ ಎಲ್ಲರಿಗಿಂತ ಮೊದಲು.

ಮೌನದ ಓಟಕ್ಕೆ ಕಾರಣ ನಾನೇ. ಒಂದು ಸಲ ಬಾವುಟ ಸಿಗದೆ ಸೋತು, ಕುರಿ ಕಾಯುವವನೊಬ್ಬನನ್ನು ಕೇಳಿದೆ. ಅವನು ಕೈ ಹಿಡಿದು ಕರೆದೊಯ್ದು ತೋರಿಸಿದ. ಗೆದ್ದೆನೆಂದು ಬೀಗುವಾಗ ಸುಭೇದಾರರಿಗೆ ಗೊತ್ತಾಯಿತು.

"ಹಾದಿ ಕೇಳ್ಕೋತ ಓಡಿದ್ರ ಅದು ನಕಾಶಿ ಓಟ ಅಲ್ರಿ, ಟಪಾಲದವನ ಓಟ," ಎಂದು ಗುಡುಗಿದರು. "ಮುಂದಿನ ಸರತೆ ಯಾರೂ ಬಾಯಿ ತೆಗೀಬಾರದು. ಯಾರರೆ ಮಾತಾಡ್ಸಿದ್ರ ತುಟಿ ಮ್ಯಾಲ ಬೆರಳ ಇಟ್ಟು ಮುಂದ ಹೋಗೂದು. ಮಾತಾಡಿದಾಂವ ಸೋತ."

ಮಾತು ಮಾರಿ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಆದರೂ ಈ ಸಲ ಗೆದ್ದು ತೋರಿಸಬೇಕು ಎಂದುಕೊಂಡೆ.

ಆ ದಿನ ಬಾವುಟಗಳನ್ನು ಬಾಂದಗಲ್ಲುಗಳಿಗೆ ಕಟ್ಟಲಾಗಿತ್ತು. ಹೊಲದ ಎಲ್ಲೆ ತೋರಿಸಲು ಸರಕಾರದ ಮೋಜಣಿಯವರು ನೆಟ್ಟ ಕಲ್ಲುಗಳು ಅವು. ನಕಾಶೆಯಲ್ಲಿ ಗುರುತಿಸಲು ಸುಲಭ ಎಂದು ಮಾಸ್ತರರು ಅವನ್ನೇ ಆರಿಸಿದ್ದರು. ಒಂದೊಂದು ಕಲ್ಲಿನ ಬುಡದಲ್ಲಿ ಸೀಮೆಸುಣ್ಣದ ತುಂಡು. ಬಂದವರು ಕಲ್ಲಿನ ಮೇಲೆ ತಮ್ಮ ಗುರುತು ಹಾಕಿ ಮುಂದೆ ಓಡಬೇಕು. ನನ್ನ ಗುರುತು ದೊಡ್ಡದೊಂದು ಗುಣಾಕಾರ ಚಿಹ್ನೆ.

ಜೋಳದ ಹೊಲವೊಂದರ ಮೂಲೆಯ ಕಲ್ಲಿಗೆ ನಾನು ಆ ಚಿಹ್ನೆ ಎಳೆಯುತ್ತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ ಹೊದ್ದ ನಡುವಯಸ್ಸಿನ ರೈತ. ಹೊಲದ ಒಡೆಯ. ಹೆಸರು ಮಾಳಪ್ಪ. (ಆಗ ಗೊತ್ತಿರಲಿಲ್ಲ. ಈಗ ಮರೆಯುವುದು ಸಾಧ್ಯವಿಲ್ಲ.)

"ನಮಸ್ಕಾರ್ರಿ ವಕೀಲ್ರ. ಕಲ್ಲಿನ ಮ್ಯಾಲ ಏನ್ ಬರದ್ರಿ?"

ಕೋರ್ಟಿನಲ್ಲಿ ಎಲ್ಲೋ ನನ್ನನ್ನು ನೋಡಿದ್ದಾನೆ. ನಾನು ತುಟಿಯ ಮೇಲೆ ಬೆರಳಿಟ್ಟೆ.

"ಈ ನಿಶಾನಿ ಯಾರದ್ರಿ? ಸರಕಾರದ್ದೇನ್ರಿ?"

ಬೆರಳು ತೆಗೆಯಲಿಲ್ಲ. ಮುಗುಳ್ನಕ್ಕೆ.

ಅಷ್ಟರಲ್ಲಿ ಅವನ ಹೆಂಡತಿ ಕೆಂಚವ್ವ ಚರಿಗೆಯಲ್ಲಿ ನೀರು ತಂದಳು. ಬೆವರು ಸುರಿಯುತ್ತಿದ್ದವನನ್ನು ನೋಡಿ ಕರುಳು ಚುರ್ರೆಂದಿರಬೇಕು. ಗಟಗಟ ಕುಡಿದೆ, ಕೈ ಮುಗಿದೆ. ಒಂದು ಮಾತಿಲ್ಲ.

"ಪಾಪ, ಮೂಕರೇನ," ಎಂದಳು ಗಂಡನಿಗೆ.

"ಮೂಕರಾ? ಏ ಹುಚ್ಚಿ, ಕೋರ್ಟಿನ್ಯಾಗ ಇವರು ಬಾಯಿ ತಗದ್ರ ಜಡ್ಜ್ ಸಾಹೇಬ್ರು ಸುದ್ದಾ ಗಪ್ ಕುಂದರತಾರ."

ಆ ಹೊಗಳಿಕೆಗೆ ಒಳಗೊಳಗೇ ಉಬ್ಬಿದೆನಲ್ಲ! ಅವನ ಮುಖ ಬಾಡುತ್ತಿದ್ದುದು ನನಗೆ ಕಾಣಲಿಲ್ಲ. ಅವನು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಯಾರ ಮುಂದೂ ಆಡಬಾರದ್ದೇನ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ನನ್ನ ರೂಲೇ ಅದಲ್ಲವೆ, ಯಾರ ಮುಂದೂ ಆಡಬಾರದು?

"ಮತ್ತ ಬೆಳಿ?" ಎಂದ, ಜೋಳದ ಕಡೆ ನೋಡಿ.

ನನಗೆ ಹೊತ್ತಾಗುತ್ತಿತ್ತು. ಹಿಂದೆ ಮಾಸ್ತರರ ಬೂಟಿನ ಸಪ್ಪಳ ಬೇರೆ. ಮುಂದಿನ ಬಾವುಟ ಹೊಲದ ಆ ತುದಿಗೆ. ನಾನು ಆ ಕಡೆ ಹೋಗಬೇಕು ಎಂದು ಹೇಳಲು ಕೈಯನ್ನು ಈ ಬದುವಿನಿಂದ ಆ ಬದುವಿಗೆ ಬೀಸಿ ತೋರಿಸಿದೆ. ಓಡಿದೆ.

ಅವತ್ತು ಗೆದ್ದೆ. ಸುಭೇದಾರರು ನನ್ನ ಬೆನ್ನು ತಟ್ಟಿ, "ಇದಕ್ಕ ಅಂತಾರ ಶಿಸ್ತು" ಎಂದರು. ಮಾಸ್ತರರು ಹಾದಿಯಲ್ಲಿ ಯಾರಿಗೋ "ನಮಸ್ಕಾರ" ಎಂದು ಸೋತಿದ್ದರು. ಬಾವುಟಗಳನ್ನು ಬಿಚ್ಚಿ ತರಬೇಕಿತ್ತು. ಸುಭೇದಾರರಿಗೆ ಅಂದೇ ಮುಧೋಳಕ್ಕೆ ಹೋಗುವುದಿತ್ತು. "ಮುಂದಿನ ವಾರಕ್ಕೂ ಬೇಕಲ್ಲ, ಇರ್ಲಿ ಬಿಡ್ರಿ, ಯಾರ ಒಯ್ತಾರ?" ಎಂದವನು ನಾನೇ. ವಾರವಿಡೀ ಅವು ಬಾಂದಗಲ್ಲುಗಳ ಮೇಲೆ ಪಟಪಟ ಎನ್ನುತ್ತಾ ನಿಂತವು. ನಾನು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದು, ಗೆದ್ದ ಕಥೆಯನ್ನು ಹೆಂಡತಿಗೆ ಹೇಳಿದೆ. ಬಾರ್ ರೂಮಿನಲ್ಲಿಯೂ ಹೇಳಿದೆ.

ಮುಂದಿನ ಭಾನುವಾರ ನೆನಪಿನ ಓಟ. ನಕಾಶೆಯನ್ನು ಒಮ್ಮೆ ನೋಡಬೇಕು, ಆಮೇಲೆ ಅದನ್ನು ಬಿಟ್ಟು ಓಡಬೇಕು. ಮಾಸ್ತರರು ನಕಾಶೆ ಬಿಚ್ಚಿ ಹಿಡಿದರು, ಸುತ್ತಿಬಿಟ್ಟರು. ನಾನು ಮಂತ್ರದ ಹಾಗೆ ಜಪಿಸುತ್ತಾ ಓಡಿದೆ: ಬೇವಿನ ಗಿಡ, ಜೋಳ, ಹಳ್ಳ, ಬನ್ನಿ ಗಿಡ. ಬೇವಿನ ಗಿಡ ಬಂತು. ಆಮೇಲೆ ಜೋಳ ಬರಬೇಕು.

ಬರಲಿಲ್ಲ.

ಅಲ್ಲಿ ಬರೀ ಬೆಳಕಿತ್ತು. ಹಳ್ಳದವರೆಗೂ ಕಣ್ಣು ಹಾಯುತ್ತಿತ್ತು. ನನ್ನ ನೆನಪಿನ ಮೇಲೆ ಅನುಮಾನ ಬಂತು. ಬೇವಿನ ಗಿಡಕ್ಕೆ ಹಿಂತಿರುಗಿ ಮತ್ತೆ ಹೊರಟೆ. ಮಾಸ್ತರರು ಬೇಕೆಂದೇ ತಪ್ಪು ನಕಾಶೆ ತೋರಿಸಿ ಹೋದ ವಾರದ ಸೇಡು ತೀರಿಸಿಕೊಂಡರೇನೋ ಎಂದುಕೊಂಡೆ. (ಎಂಥ ಮನಸ್ಸು ನೋಡಿ.) ನಾಲ್ಕು ಹೆಜ್ಜೆ ಮುಂದಿಟ್ಟಾಗ ಏನೋ ಬೂಟಿನ ಅಡಿಗೆ ಚುಚ್ಚಿತು. ಕೊಯ್ದ ಜೋಳದ ಕೂಳೆ. ಹಸಿ ಹಸಿಯಾಗಿತ್ತು.

ಬಯಲಾದ ಹೊಲದ ಮೂಲೆಯಲ್ಲಿ ಬಾಂದಗಲ್ಲು. ಅದರ ಮೇಲೆ ನಮ್ಮ ಮನೆಯ ಸೀರೆಯ ಕೆಂಪು ತುಂಡು. ಅದರ ಸುತ್ತ ಮಾತ್ರ ಒಂದಿಷ್ಟು ದಂಟು ಹಾಗೇ ನಿಂತಿದ್ದವು. ಬಾವುಟಕ್ಕೆ ಕುಡುಗೋಲು ತಾಗದಿರಲೆಂದು ಯಾರೋ ಎಚ್ಚರದಿಂದ ಬಿಟ್ಟಿದ್ದರು.

ಹೊಲದ ನಡುವೆ ಹಸಿರು ಸಿವುಡುಗಳ ರಾಶಿ. ಅದರ ಪಕ್ಕ ಕೆಂಚವ್ವ ಕೂತು ಒಂದು ತೆನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಕಾಳಿನಿಂದ ಹಾಲು ಬಂತು. ಸುಟ್ಟು ಸೀತನಿ ತಿನ್ನಲೂ ಬಾರದ ಎಳೆ ತೆನೆ.

ಮಾಳಪ್ಪ ನನ್ನನ್ನು ಕಂಡು ಎದ್ದು ಬಂದ. ರುಮಾಲು ಸರಿಮಾಡಿಕೊಂಡ.

"ಆತ್ರಿ ವಕೀಲ್ರ. ಹೊಲಾ ಪೂರಾ ತೆರವು ಮಾಡೇವ್ರಿ. ನಿಶಾನಿ ಮುಟ್ಟಿಲ್ಲ, ನೋಡ್ರಿ ಬೇಕಾದ್ರ."

"ಯಾಕ ಕೊಯ್ದ್ರಿ?" ಎಂದಷ್ಟೇ ಕೇಳಿದೆ.

"ನೀವ ಅಲ್ಲೇನ್ರಿ ಸನ್ನಿ ಮಾಡಿ ಹೇಳಿದ್ದು?" ಎಂದ ಅವನು, ಆಶ್ಚರ್ಯದಿಂದ. "ಕಲ್ಲಿಗೆ ಕಾಟು ಹಾಕಿದ್ರಿ. ಬೆಳಿ ಏನ್ ಮಾಡೂದ್ರಿ ಅಂದ್ನಿ, ಈ ಬದುವಿಂದ ಆ ಬದುವಿನ ತನಕಾ ಕೈ ಮಾಡಿ ತೋರಿಸಿದ್ರಿ. ಎಲ್ಲಾ ಹೋಗತೈತಿ ಅಂತ ತಿಳಕೊಂಡ್ನಿ. ನಮ್ಮ ಸ್ವಾದರಮಾವನ ಹೊಲಕ್ಕ ಹಿಂಗ ನಿಶಾನಿ ಬಡದಿದ್ರು ನೋಡ್ರಿ. ರಸ್ತಾ ಬಂತು. ತೆನಿ ಕೊಯ್ಯಾಕ ಸುದ್ದಾ ವ್ಯಾಳ್ಯಾ ಕೊಡಲಿಲ್ಲ. ನಿಮ್ಮಂಥಾವರು ಇದ್ರಿ ಅಂತ ನಮಗ ಇಷ್ಟ ಕಣಕಿಯರೆ ಕೈಗಿ ಬಂತು. ದನಾ ತಿಂತಾವ್ರಿ. ನಿಮ್ಮ ಉಪಕಾರ ಆತು."

ಉಪಕಾರ! ಅವನು ನನಗೆ ಕೈ ಮುಗಿದ.

ಓದುಗರೇ, ಬೈಗುಳ ತಿಂದವನು ಬದುಕುತ್ತಾನೆ. ಎದುರು ವಕೀಲರಿಂದ ದಿನಾ ತಿನ್ನುತ್ತೇನೆ. ಆದರೆ ನಾನೇ ಹಾಳು ಮಾಡಿದ ಮನುಷ್ಯ ನನಗೆ ಕೈ ಮುಗಿದರೆ ಮುಖವನ್ನು ಎಲ್ಲಿಡಬೇಕು?

"ಮಾಳಪ್ಪಾ, ಇದು ಸರಕಾರದ್ದಲ್ಲ," ಎಂದೆ. "ನಾವು ಮೂರು ಮಂದಿ... ಇದು ಒಂದು ವ್ಯಾಯಾಮ."

"ವ್ಯಾಯಾಮ ಅಂದ್ರ ಯಾವ ಖಾತೇರಿ ಅದು?"

"ಖಾತೆ ಅಲ್ಲ. ತಾಲೀಮು ಇದ್ದಂಗ. ನಕಾಶಿ ನೋಡಿ ಹಾದಿ ಹಿಡಿಯೂದು."

"ಹಾದಿ ಯಾಕ ಹಿಡೀತೀರಿ? ರಸ್ತಾ ಮಾಡಾವ್ರೇನ್ರಿ?"

ಇಂಗ್ಲಿಷಿನ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ದೇಶ, ಶಿಸ್ತು, ಆರೋಗ್ಯ ಎಂಬ ಮಾತುಗಳೆಲ್ಲ ಸಾಲುಗಟ್ಟಿ ನಿಂತವು. ಹಸಿ ತೆನೆಗಳ ಎದುರು ಒಂದೂ ಹೊರಬರಲಿಲ್ಲ.

"ಆಟ," ಎಂದೆ ಕೊನೆಗೆ. "ಇದು ಬರೇ ಆಟ, ಮಾಳಪ್ಪಾ."

ಅವನು ನನ್ನ ಮುಖವನ್ನೇ ನೋಡಿದ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅವನಿಗೆ ಅನಿಸಿರಬೇಕು. ಸ್ವಲ್ಪ ನಕ್ಕ. ನಾನು ನಗಲಿಲ್ಲ. ಅವನ ನಗು ನಿಧಾನಕ್ಕೆ ಇಳಿಯಿತು.

"ಆಟಾ? ಮತ್ತ ಅವತ್ತ ಯಾಕ ಮಾತಾಡಲಿಲ್ರಿ?"

"ಮಾತಾಡಿದ್ರ ಸೋಲತಿದ್ದೆ. ಹಂಗ ಇತ್ತು ರೂಲು."

ಈ ಉತ್ತರವನ್ನು ನನ್ನ ಕಿವಿಯೇ ಕೇಳಿತು. ಹತ್ತು ಸಲ ಬಿಡಿಸಿ ಹೇಳಿದರೂ ಇದಕ್ಕಿಂತ ಚಂದವಾಗುವ ಉತ್ತರವಲ್ಲ ಅದು.

ಮಾಳಪ್ಪ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಮಾತಾಡಿದವಳು ಕೆಂಚವ್ವ. ದನಿ ಏರಿಸಲಿಲ್ಲ.

"ನಮ್ಮ ಹುಡುಗೂರು ಆಟಾ ಆಡಿದ್ರ ಊರಿಗೆಲ್ಲಾ ಕೇಳತೈತ್ರಿ. ಬಾಯಿ ಮುಚಗೊಂಡು ಆಡೂ ಆಟಾ ನಾ ನೋಡಿಲ್ಲ. ಎಳ್ಳಮಾಸಿ ಬಂತು. ಚರಗಾ ಚೆಲ್ಲಾಕ ಈ ವರ್ಷ ಹೊಲದಾಗ ಏನ್ ಐತ್ರಿ?"

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಕಡುಬು, ಭಜ್ಜಿ, ರೊಟ್ಟಿಯ ಎಡೆ ಚೆಲ್ಲಿ, ಬಸುರಿಗೆ ಬಯಕೆಯೂಟ ಹಾಕಿದ ಹಾಗೆ ಭೂಮಿಗೆ ಉಣಿಸುತ್ತಾರೆ. ಎಳೆ ತೆನೆಗಳನ್ನು ಕೊಯ್ದ ಹೊಲದ ನಡುವೆ ನಿಂತು ಆ ಮಾತು ಕೇಳಿದೆ. ಈಗ ಮಾತಾಡಲು ಯಾವ ರೂಲಿನ ಅಡ್ಡಿಯೂ ಇರಲಿಲ್ಲ, ಆದರೂ ಮಾತು ಬರಲಿಲ್ಲ.

ಅಷ್ಟರಲ್ಲಿ ಸುಭೇದಾರರೂ ಮಾಸ್ತರರೂ ನನ್ನನ್ನು ಹುಡುಕುತ್ತಾ ಬಂದರು. ಹೇಳಿದೆ. ಮಾಸ್ತರರು ಕೈಯಲ್ಲಿದ್ದ ನಕಾಶೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ಸುಭೇದಾರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮಾಳಪ್ಪನ ಮುಂದೆ ನಿಂತರು. "ಹುಕುಮು ನಂದು ತಮ್ಮಾ," ಎಂದರು. "ಅವರದಲ್ಲ. ನನ್ನ ಬೈ."

"ಬಾಯಿ ಮಾತ್ರ ನಂದು ಇತ್ತು," ಎಂದೆ ನಾನು.

ಮಾಳಪ್ಪ ಇಬ್ಬರನ್ನೂ ಬೈಯಲಿಲ್ಲ. ಒಮ್ಮೆಲೆ ಏನೋ ಹೊಳೆದವನಂತೆ ತಟ್ಟನೆ ಎದ್ದ.

"ಅಯ್ಯ, ನಮ್ಮ ಅಣತಮ್ಮರು! ನಾ ಯಾರ ಮುಂದೂ ಆಡಿಲ್ರಿ ವಕೀಲ್ರ, ಅವರ ಮುಂದಷ್ಟ ಆಡೇನಿ. ಅವರ ಹೊಲದಾಗೂ ನಿಮ್ಮ ನಿಶಾನಿ ಅದಾವು. ಇವತ್ತ ಕುಡಗೋಲ ಹಚ್ಚತೇವಿ ಅಂದಿದ್ರು!"

ನಾವು ನಾಲ್ವರೂ ಓಡಿದೆವು. ಆ ಓಟಕ್ಕೆ ನಕಾಶೆ ಇರಲಿಲ್ಲ, ದಿಕ್ಸೂಚಿ ಇರಲಿಲ್ಲ. ಸುಭೇದಾರರು ಹಳ್ಳದ ಕಡೆ, ಮಾಸ್ತರರು ಬಾವಿಯ ಕಡೆ, ನಾನೂ ಮಾಳಪ್ಪನೂ ಬನ್ನಿ ಗಿಡದ ಕಡೆ. ಜಮಖಂಡಿಯ ಬಾರ್ ರೂಮಿನ ಗೌರವಾನ್ವಿತ ಸದಸ್ಯನೊಬ್ಬ ಹೊಲದಿಂದ ಹೊಲಕ್ಕೆ ಹಾರುತ್ತಾ, "ಕೊಯ್ಯಬ್ಯಾಡ್ರೋ! ಸರಕಾರದ್ದಲ್ಲ! ಬರೇ ಆಟ ಇತ್ತೋ!" ಎಂದು ಒದರುತ್ತಿದ್ದ. ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಎಲ್ಲಿಂದಲೋ ಒಂದು ನಾಯಿ ಬೆನ್ನು ಹತ್ತಿತು. ಒಂದು ಸಲ ಮುಗ್ಗರಿಸಿ ಕಪ್ಪು ಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕಿ ಬಿದ್ದೆ. ಮಾಳಪ್ಪ ರಟ್ಟೆ ಹಿಡಿದು ಎಬ್ಬಿಸಿದ. ಹೌದು, ಅವನೇ.

ಬನ್ನಿ ಗಿಡದ ಬಳಿಯ ಹೊಲದಲ್ಲಿ ಅವನ ಅಣ್ಣನ ಮನೆಯವರು ಆಗಲೇ ಅಂಚಿನ ಸಾಲು ಕೊಯ್ದು ಕೆಡವಿದ್ದರು. ನಮ್ಮ ಒದರಾಟ ಕೇಳಿ ಕುಡುಗೋಲುಗಳು ನಿಂತವು. ಉಳಿದ ಹೊಲ ಉಳಿಯಿತು. ಸುಭೇದಾರರು ಹೋದ ಕಡೆ ಇನ್ನೂ ಕುಡುಗೋಲು ಮಸೆಯುತ್ತಿದ್ದರಂತೆ. ಮಾಸ್ತರರು ಹೋದ ಹೊಲದವರು ಮಾಳಪ್ಪನ ಮಾತು ನಂಬದೆ, ಬಾವುಟವನ್ನೇ ಕಿತ್ತು ಎತ್ತಿನ ಕೋಡಿಗೆ ಸುತ್ತಿದ್ದರಂತೆ. ಅವರ ಬುದ್ಧಿಗೆ ಶರಣು.

ಮಾಳಪ್ಪನ ಅತ್ತಿಗೆ, ವಯಸ್ಸಾದ ಹೆಂಗಸು, ಎಲ್ಲ ಕೇಳಿಸಿಕೊಂಡು ನನ್ನ ಮಣ್ಣಾದ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದಳು.

"ಮನ್ಯಾಗ ಮಾಡಾಕ ಕೆಲಸಾ ಇಲ್ಲೇನೋ ಯಪ್ಪಾ ನಿಮಗ?" ಎಂದಳು.

ಸುತ್ತ ನಿಂತವರು ನಕ್ಕರು. ಮಾಳಪ್ಪ ನಗಲಿಲ್ಲ.

ನಾನು ಅವನ ಪಕ್ಕ ಕೂತು ಕೇಳಿದೆ: "ಅಲ್ಲೋ, ಕಚೇರಿಗೆ ಬಂದು ಒಂದ ಮಾತು ಕೇಳಬೇಕಾಗಿತ್ತಲ್ಲ?" ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ತಪ್ಪನ್ನು ಅವನ ಮೇಲೆ ಜಾರಿಸುವ ವಕೀಲಿಕೆ ಆಗಲೂ ಹೋಗಿರಲಿಲ್ಲ.

ಅವನು ಸಿಟ್ಟಾಗದೆ ಹೇಳಿದ: "ಕೇಳಿದ್ರ ಯಾರ ಹೇಳತಾರ್ರಿ? ಸಂಸ್ಥಾನ ಹೋತು, ಮುಂಬಯಿ ಸರಕಾರ ಬಂತು. ನಮಗ ಯಾರರೆ ಬಂದು ಹೇಳಿದ್ರೇನ್ರಿ? ಕಚೇರಿ ಮ್ಯಾಲಿನ ನಿಶಾನಿ ಬದಲಾತು, ತಿಳಕೊಂಡ್ವಿ. ದೊಡ್ಡವರು ಬಾಯಿಲೆ ಹೇಳೂದು ಕಡಿಮಿರಿ. ನಾವು ಕೈ ನೋಡಿ, ಮಾರಿ ನೋಡಿ ತಿಳಕೋಬೇಕು."

ಇದನ್ನು ಕೇಳಿದ ಮೇಲೆ ಹಲವು ರಾತ್ರಿ ನನಗೆ ನಿದ್ದೆ ಸರಿ ಬಂದಿಲ್ಲ. ಯಾಕೆಂದರೆ ಮೌನದ ಓಟವನ್ನು ನಾವು ಭಾನುವಾರ ಮಾತ್ರ ಆಡುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೂ ಆಡುತ್ತೇವೆ. ಕಕ್ಷಿದಾರ ಮುಂದೆ ಕೂತು, "ಇದರಾಗ ಏನ್ ಬರದೈತ್ರಿ?" ಎಂದು ಕೇಳಿದಾಗ ನಾನು ಎಷ್ಟು ಸಲ ಬಿಡಿಸಿ ಹೇಳಿದ್ದೇನೆ? "ಹೆಬ್ಬಟ್ಟು ಒತ್ತು, ಆಮ್ಯಾಲೆ ಹೇಳ್ತೀನಿ" ಎನ್ನುತ್ತೇನೆ. ಆ 'ಆಮ್ಯಾಲೆ' ಬರುವುದೇ ಇಲ್ಲ. ಡಾಕ್ಟರರು ಕನ್ನಡಕದ ಮೇಲಿಂದ ನೋಡಿ 'ಹೂಂ' ಎಂದು ಚೀಟಿ ಬರೆಯುತ್ತಾರೆ. ರೋಗಿಯ ಹೆಂಡತಿ ಆ 'ಹೂಂ'ನಲ್ಲಿ ಸಾವಿದೆಯೋ ಬದುಕಿದೆಯೋ ಎಂದು ಹಾದಿಯುದ್ದಕ್ಕೂ ಅಳೆಯುತ್ತಾ ಹೋಗುತ್ತಾಳೆ. ನಮಗೆ ನಾಲ್ಕು ಮಾತು ಉಳಿಯುತ್ತದೆ. ಅವರು ಆ ನಾಲ್ಕು ಮಾತಿನ ಜಾಗದಲ್ಲಿ ತಮ್ಮ ಭಯವನ್ನು ತುಂಬಿಕೊಳ್ಳುತ್ತಾರೆ.

ನಾವು ಅದಕ್ಕೆ ಗಾಂಭೀರ್ಯ ಎನ್ನುತ್ತೇವೆ. ಶಿಸ್ತು ಎಂದೂ ಅನ್ನುತ್ತೇವೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು "ನಾ ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. "ಅವರ ಮನ್ಯಾಗ ಎಷ್ಟು ಮಂದಿ?" ಎಂದು ಮಾತ್ರ ಕೇಳಿ ಉಗ್ರಾಣದ ಕಡೆ ನಡೆದಳು.

ಎಳ್ಳಮಾವಾಸ್ಯೆ ಮುಗಿದ ಮೇಲೆ ಸುಭೇದಾರರು ಮುಧೋಳದ ತಮ್ಮ ಹೊಲದ ಮನೆಯ ಹಗೇವು, ಅಂದರೆ ನೆಲದೊಳಗಿನ ಕಣಜ, ತೆಗೆಸಿ ಜೋಳ ತರಿಸಿದರು. ನಮ್ಮ ಮನೆಯದೂ ಮಾಸ್ತರರ ಮನೆಯದೂ ಸೇರಿಸಿ ಒಂದು ಚಕ್ಕಡಿ ತುಂಬಿತು. ಮುಂದಿನ ಸುಗ್ಗಿಯವರೆಗೂ ಮನೆಮಂದಿಗೆ ಸಾಲುವಷ್ಟು. ಚಕ್ಕಡಿಯ ಹಿಂದೆ ನಾವು ಮೂವರೂ ನಡೆದುಕೊಂಡು ಮಾಳಪ್ಪನ ಮನೆಗೆ ಹೋದೆವು. ಸಾವಳಗಿ ಕಡೆಯಿಂದ ಬರುತ್ತಿದ್ದ ಮಂದಿ ಕೇಳಿದರು, "ಏನ್ ವಕೀಲ್ರ, ಜೋಳದ ವ್ಯಾಪಾರ ಹಿಡದ್ರೇನ್ರಿ?" ನಿಂತು, ಕೇಳಿದವರಿಗೆಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಆ ಸಣ್ಣ ಹಾದಿ ಬಹಳ ಉದ್ದವಾಯಿತು.

ಮಾಳಪ್ಪ ಚಕ್ಕಡಿ ನೋಡಿ ಬಾಗಿಲಲ್ಲೇ ನಿಂತ. "ಬ್ಯಾಡ್ರಿ. ಊಟಕ್ಕ ಕರದು ಹಾಕಿದ್ರ ಉಣ್ಣತಿದ್ವಿ. ತಪ್ಪಿಗಿ ಅಂತ ಹಾಕಿದ್ರ ಹೆಂಗ ಉಣ್ಣೂಣ್ರಿ?"

ಸುಭೇದಾರರು ತಲೆ ತಗ್ಗಿಸಿದರು. ಎತ್ತುಗಳು ಕೊರಳು ಅಲ್ಲಾಡಿಸಿದವು. ಒಳಗಿಂದ ಕೆಂಚವ್ವ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು.

"ನೀ ಸುಮ್ಮಕಿರು. ಹಸದ ಹೊಟ್ಟಿ ತಪ್ಪು ಒಪ್ಪು ಕೇಳೂದಿಲ್ಲ, ರೊಟ್ಟಿ ಕೇಳತೈತಿ. ಇಳಸ್ರಿ ಚೀಲಾ."

ಇಳಿಸಿದೆವು. ನಾನೂ ಹೆಗಲು ಕೊಟ್ಟೆ. ಎದೆಯ ಮೇಲಿನ ಭಾರವೂ ಒಂದಿಷ್ಟು ಇಳಿಯಿತೆಂದು, ಸುಳ್ಳೇಕೆ, ಆ ಗಳಿಗೆಯಲ್ಲಿ ಅನ್ನಿಸಿತು. ಲೆಕ್ಕ ಚುಕ್ತಾ ಆಯಿತು ಎಂದು ಮನಸ್ಸು ಆಗಲೇ ಕೈ ಝಾಡಿಸಿಕೊಳ್ಳುತ್ತಿತ್ತು.

ಕೆಂಚವ್ವ ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ನೋಡಿದಳು.

"ಜೋಳ ಛಲೋ ಐತ್ರಿ," ಎಂದಳು. "ರೊಟ್ಟಿಗಿ ಆಗತೈತಿ. ಖರೆ, ಬೀಜಕ್ಕ ಆಗೂದಿಲ್ಲ. ನಮ್ಮದು ನಮ್ಮ ಅತ್ತಿ ಆರಿಸಿ ಇಟಗೊಂಡು ಬಂದ ಬೀಜಾ ಇತ್ರಿ. ವರ್ಷಾ ಹೊಲದಾಗಿನ ಛಲೋ ತೆನಿ ನೋಡಿ ತಗದು ಜಂತಿಗಿ ಕಟ್ಟತಿದ್ವಿ. ಇದ್ದದ್ದೆಲ್ಲಾ ಬಿತ್ತಿದ್ವಿ. ಅಣತಮ್ಮರದು ಬ್ಯಾರೆ ಬೀಜಾ. ಈಗ ಆ ಬೀಜಾ ಯಾರ ಕಡೆನೂ ಇಲ್ಲ."

ಅವಳು ನನ್ನನ್ನು ದೂರಲಿಲ್ಲ. ಹಿಡಿ ಜೋಳವನ್ನು ಒಂದು ಕಾಳೂ ಕೆಳಗೆ ಬೀಳದ ಹಾಗೆ ಚೀಲಕ್ಕೆ ಹಾಕಿ ಒಳಗೆ ಹೋದಳು. ನಾವು ಮೂವರು ಗಂಡಸರು ಅಂಗಳದಲ್ಲಿ ನಿಂತಿದ್ದೆವು. ಜಂತಿಯ ಕಡೆ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ.

ಕೋರ್ಟಿನಲ್ಲಿ ನಾನು ಎಷ್ಟೋ ಜನರನ್ನು 'ದುರುದ್ದೇಶವಿರಲಿಲ್ಲ' ಎಂಬ ಒಂದೇ ಮಾತಿನ ಮೇಲೆ ಬಿಡಿಸಿಕೊಂಡು ಬಂದಿದ್ದೇನೆ. ನಮಗೂ ಇರಲಿಲ್ಲ. ಆದರೆ ಅದನ್ನು ಆ ಅಂಗಳದಲ್ಲಿ ಯಾರಿಗೆ ಹೇಳುವುದು?

ಆಡಿದವರು ನಾವು, ಸೋತವರು ಅವರು. ಇದು ಯಾವ ಸೀಮೆಯ ಆಟ, ಸ್ವಾಮಿ?